ಮಾತಿನ ಕೆಲಸವೆಲ್ಲ ಎಡ ಮೆದುಳಿನದೇನಾ?

ಮಾತೆಲ್ಲ ಎಡ ಮೆದುಳಿನ ಕೆಲಸ, ಬಲಭಾಗಕ್ಕೆ ಅದರಲ್ಲಿ ಪಾಲೇ ಇಲ್ಲ ಅಂತಾರಲ್ಲ, ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ. ಉಳಿದ ಅರ್ಧ ನನಗೆ ಗೊತ್ತಾಗಿದ್ದು ಬಸವನಗುಡಿಯ ನಮ್ಮ ಮನೆಯಲ್ಲಿ.

ಅಪ್ಪನಿಗೆ ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ನಿಂತಿತು. ನೀರು ಬೇಕಾದರೆ ಲೋಟ ತೋರಿಸುತ್ತಿದ್ದರು, "ನೀರು" ಅನ್ನೋಕೆ ಆಗ್ತಿರಲಿಲ್ಲ. ಒಂದು ಸಂಜೆ ಅಮ್ಮ ದೀಪ ಹಚ್ಚಿ ದೇವರನಾಮ ಶುರು ಮಾಡಿದರು. ಅಪ್ಪ ಪಲ್ಲವಿ ಪೂರ್ತಿ ಹಾಡಿದರು, ಸಾಹಿತ್ಯದ ಸಮೇತ! ಅಮ್ಮನಿಗೆ ಮುಂದೆ ಹಾಡೋಕೇ ಆಗಲಿಲ್ಲ.

ಆಮೇಲೆ ನಾನು ಇದನ್ನೇ ಓದುತ್ತಾ ಕೂತೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, "ಟಾನ್" ಅನ್ನೋದು ಬಿಟ್ಟು ಹೆಚ್ಚೇನೂ ಹೇಳಲಾಗದಿದ್ದ ರೋಗಿಯೊಬ್ಬನ ಮೆದುಳು ಪರೀಕ್ಷಿಸಿದ. ಹಾನಿಯಾಗಿದ್ದು ಎಡಗಡೆ, ಮುಂಭಾಗದಲ್ಲಿ. 1874ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ಎಡಭಾಗದಲ್ಲೇ ಇನ್ನೊಂದು ಜಾಗ ತೋರಿಸಿದ. ಅಲ್ಲಿ ಏಟಾದರೆ ಮಾತು ಸರಾಗವಾಗಿ ಬರುತ್ತದೆ, ಆದರೆ ಅರ್ಥ ಕೂಡಲ್ಲ, ಬೇರೆಯವರು ಹೇಳಿದ್ದೂ ತಿಳಿಯಲ್ಲ. ಬಲಗೈ ಬಳಸುವವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ಮಾತಿನ ಮುಖ್ಯ ಕೆಲಸ ಎಡಭಾಗದ್ದೇ. ಎಡಚರಲ್ಲೂ ಸುಮಾರು 70 ಜನರಿಗೆ ಹಾಗೇ.

ಆದರೆ ಕಿವಿಗೆ ಬಿದ್ದ ಮಾತು ಎರಡೂ ಕಡೆಗೆ ಹೋಗುತ್ತದೆ. ಪ್ರತಿ ಕಿವಿಯ ನಂಟು ಎದುರು ಬದಿಯ ಮೆದುಳಿಗೆ ಸ್ವಲ್ಪ ಜಾಸ್ತಿ, ಅಷ್ಟೇ. 1961ರಲ್ಲಿ ಕೆನಡಾದ ಮನೋವಿಜ್ಞಾನಿ ಡೋರೀನ್ ಕಿಮುರಾ ಎರಡು ಕಿವಿಗೂ ಒಟ್ಟಿಗೇ ಬೇರೆ ಬೇರೆ ಅಂಕಿಗಳನ್ನು ಕೇಳಿಸಿದರು. ಹೆಚ್ಚಿನವರು ಬಲಗಿವಿಗೆ ಬಿದ್ದಿದ್ದನ್ನೇ ಚೆನ್ನಾಗಿ ಹೇಳಿದರು. ಬಲಗಿವಿಯ ನಂಟು ಮಾತಿನ ಎಡ ಮೆದುಳಿಗೇ ಜಾಸ್ತಿ, ಅದಕ್ಕೇ.

ಹಾಗಾದರೆ ಬಲಭಾಗ ಏನು ಮಾಡುತ್ತೆ? "ಆಯ್ತು ಬಿಡಪ್ಪ" ಅನ್ನೋದನ್ನೇ ತಗೊಳ್ಳಿ. ಸಮಾಧಾನಕ್ಕೂ ಅದೇ, ಮುನಿಸಿಗೂ ಅದೇ, ಅಲ್ವಾ? ಪದ ಎಡಭಾಗಕ್ಕೆ ಸಿಗುತ್ತದೆ. ದನಿಯ ಏರಿಳಿತದಲ್ಲಿರುವ ಮನಸ್ಸನ್ನು ಹಿಡಿಯೋಕೆ ಬಲಭಾಗದ ನೆರವು ತುಂಬಾ ಬೇಕು. ಬಲಗಡೆ ಏಟಾದವರಲ್ಲಿ ಕೆಲವರಿಗೆ ಪ್ರತಿ ಪದವೂ ತಿಳಿಯುತ್ತದೆ, ಎದುರಿನವರು ಸಿಟ್ಟಾಗಿದ್ದಾರೆ ಅನ್ನೋದು ತಿಳಿಯಲ್ಲ. ಮನೆಯವರು ಇದನ್ನು ಉದಾಸೀನ ಅಂದುಕೊಳ್ಳುತ್ತಾರೆ. ಪಾಪ, ಅದು ಉದಾಸೀನ ಅಲ್ಲ.

ರಾಗಕ್ಕೂ ಬಲಭಾಗ ದುಡಿಯುತ್ತದೆ. ಮಾತು ಹೋದರೂ ಹಾಡು ಉಳಿಯೋದಕ್ಕೆ ಇದೊಂದು ಕಾರಣ. ಹಾಡಿನಂತೆ ಎಳೆದು ಹೇಳಿಸಿ, ಎಡಗೈಯಲ್ಲಿ ತಾಳ ತಟ್ಟಿಸಿ ಮಾತು ಕಲಿಸುವ ಚಿಕಿತ್ಸೆಯೇ ಇದೆ, 1970ರ ದಶಕದಿಂದ. ಎಲ್ಲರಿಗೂ ಒಂದೇ ಥರ ಫಲ ಕೊಡಲ್ಲ. ಅಪ್ಪನಿಗೆ "ಕಾ-ಫಿ ಕೊ-ಡು" ಬರೋಕೆ ನಾಲ್ಕು ತಿಂಗಳು ಬೇಕಾಯಿತು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾಗಿದ್ದರೆ ಸುಮ್ನೆ ಕಾಯಬೇಡಿ. ನಿಮ್ಹಾನ್ಸ್‌ನಲ್ಲಿ ವಾಕ್ ಚಿಕಿತ್ಸೆಯ ವಿಭಾಗವಿದೆ, ಬೇಗ ಕರೆದುಕೊಂಡು ಹೋಗಿ.