ಭಜನಾ ಮಂದಿರದ ಪರದೆಗೆ ಹಾಡು, ಚಿತ್ರ, ವಿಡಿಯೋಗಳನ್ನು ಫೋಲ್ಡರ್‌ಗಳಲ್ಲಿ ಹೇಗೆ ವಿಂಗಡಿಸಬೇಕು?

ವಾರಕ್ಕೊಂದು ಫೋಲ್ಡರ್, ದೇವರಿಗೊಂದು ಫೋಲ್ಡರ್, ಚಿತ್ರ ಬೇರೆ, ವಿಡಿಯೋ ಬೇರೆ. ನಾನೂ ಹಾಗೇ ಶುರು ಮಾಡಿದ್ದೆ. ದಯವಿಟ್ಟು ನೀವು ಆ ದಾರಿ ಹಿಡಿಯಬೇಡಿ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಭಜನಾ ಮಂದಿರ. ಪರದೆ ಹಾಕಿದ್ದು ಮಕ್ಕಳಿಗಾಗಿ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಊರು ಅಲ್ವಾ, ಮನೆಯಲ್ಲಿ ಕನ್ನಡ, ತುಳು ಮಾತಾಡುವ ಎಷ್ಟೋ ಮಕ್ಕಳು ಶಾಲೆಯಲ್ಲಿ ಓದುವುದು ಮಲಯಾಳ ಅಥವಾ ಇಂಗ್ಲಿಷ್. ದಾಸರ ಪದ ಕಿವಿಗೆ ಗೊತ್ತು, ಪುಸ್ತಕ ಕೊಟ್ಟರೆ ಓದಲು ಬರುವುದಿಲ್ಲ. ಕನ್ನಡ ಸಾಲಿನ ಕೆಳಗೆ ಅದೇ ಸಾಲು ಮಲಯಾಳ ಲಿಪಿಯಲ್ಲಿ ಕಂಡರೆ ಅವರೂ ದನಿ ಸೇರಿಸುತ್ತಾರೆ ಎಂಬುದು ನನ್ನ ಆಸೆ. ಅದಕ್ಕೆ ಓಪನ್ ಎಲ್‌ಪಿ ಹಾಕಿಕೊಂಡೆ. ಹಾಡಿನ ಸಾಲುಗಳನ್ನು ಪರದೆಯಲ್ಲಿ ತೋರಿಸಲು ಚರ್ಚುಗಳಿಗಾಗಿ ಮಾಡಿದ ತಂತ್ರಾಂಶ ಅದು, ಪೂರ್ತಿ ಉಚಿತ. ಭಜನೆಗೂ ಚೆನ್ನಾಗಿ ಒಗ್ಗುತ್ತದೆ.

ತಪ್ಪಾದದ್ದು ಹಾಡು ತುಂಬಿಸುವಾಗ. ನಮ್ಮ ಭಜನಾ ಪುಸ್ತಕದ ಡಿಟಿಪಿ ಫೈಲ್ ಸಿಕ್ಕಿತು. ಟೈಪ್ ಮಾಡುವ ಕೆಲಸ ಉಳಿಯಿತು ಅಂತ ಅದರಿಂದಲೇ ಕಾಪಿ ಮಾಡಿದೆ. ಅದು ಹಳೆಯ ಆಸ್ಕಿ ಫಾಂಟಿನ ಫೈಲ್. ಅಂಥ ಫೈಲಿನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಕಟ್ಟುತ್ತದೆ, ಅಷ್ಟೆ. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೆರೆಯಿರುವ ಎ. ‘ನ’ ಇರಬೇಕಾದಲ್ಲಿ ಪೌಂಡಿನ ಚಿಹ್ನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇದ್ದುದರಿಂದ ಪರದೆಯಲ್ಲಿ ಎಲ್ಲ ಅಂದವಾಗಿಯೇ ಕಂಡಿತು. ಹಾಡಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ವಾರದ ಪ್ರಕಾರ ವಿಂಗಡಿಸಿ, ಪಟ್ಟಿ ನೋಡಿಯೇ ತೆಗೆಯುತ್ತಿದ್ದೆ. ಒಂದು ದಿನವೂ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಲಿಲ್ಲ. ಹಾಗಾಗಿ ತಪ್ಪು ಒಳಗೇ ಅಡಗಿ ಕೂತಿತ್ತು.

ಅರ್ಧ ಏಕಾಹ ಭಜನೆಯ ದಿನ ಅದು ಹೊರಗೆ ಬಿತ್ತು. ನಿಮಗೆ ಗೊತ್ತಿರಬಹುದು, ಅರ್ಧ ದಿನ ಎಡೆಬಿಡದೆ ನಡೆಯುವ ಭಜನೆ ಅದು, ಅವತ್ತು ಸುತ್ತಲಿನ ಮಂದಿರಗಳ ತಂಡಗಳು ಸರದಿಯಲ್ಲಿ ಬಂದು ಹಾಡುತ್ತವೆ. ಯಾರು ಯಾವ ಪದ ಎತ್ತುತ್ತಾರೆ ಅಂತ ಮೊದಲೇ ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ತಾಳ ಬಿದ್ದಾಯಿತು, ಪಲ್ಲವಿ ಶುರುವಾಯಿತು. ಆ ಹಾಡು ಯಾವ ವಾರದ ಪಟ್ಟಿಯಲ್ಲಿದೆ ಅಂತ ಹುಡುಕುವಷ್ಟರಲ್ಲಿ ಎರಡನೇ ಚರಣ. ಪಲ್ಲವಿಯ ಮೊದಲ ಪದವನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಒಂದೂ ಹಾಡು ಬರಲಿಲ್ಲ. ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಹಾಡುಗಳನ್ನೆಲ್ಲ ಇನ್ನೊಬ್ಬರ ಲ್ಯಾಪ್‌ಟಾಪಿಗೆ ಹಾಕಿದರೆ, ಅದರಲ್ಲಿ ಆ ಫಾಂಟ್ ಇಲ್ಲ. ದೇವರ ಮುಂದೆ, ಅಷ್ಟು ಜನರ ಎದುರು, ಪರದೆ ತುಂಬ ಪಿ, ಎ, ಪೌಂಡಿನ ಚಿಹ್ನೆ. ಪರದೆ ಮಡಚಿಟ್ಟೆವು. ಮಕ್ಕಳು ಮತ್ತೆ ಸುಮ್ನೆ ಕೂತರು. ಅದು ನನಗೆ ಈಗಲೂ ನೋವು.

ಆಮೇಲೆ ಎಲ್ಲವನ್ನೂ ಯುನಿಕೋಡಿಗೆ, ಅಂದರೆ ಫೈಲಿನೊಳಗೂ ನಿಜವಾದ ಕನ್ನಡ ಅಕ್ಷರವೇ ಇರುವ ರೂಪಕ್ಕೆ ತಂದೆ. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹ ಎರಡರಲ್ಲೂ ಪರಿವರ್ತಿಸುವ ಸೌಲಭ್ಯ ಉಂಟು. ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವುತ್ತವೆ. ಪುಸ್ತಕ ಪಕ್ಕದಲ್ಲಿಟ್ಟು ಸಾಲು ಸಾಲು ಓದಲೇಬೇಕು, ಮಾರಾಯ್ರೆ.

ಈಗ ನಿಮ್ಮ ಫೋಲ್ಡರ್ ಪ್ರಶ್ನೆ. ಹಾಡಿಗೆ ಫೋಲ್ಡರ್ ಬೇಡವೇ ಬೇಡ. ಭಜನೆಯಲ್ಲಿ ಹಾಡು ಬರುವುದು ಹಾಡುವವರ ಬಾಯಿಂದ, ನಿಮ್ಮ ಪಟ್ಟಿಯಿಂದ ಅಲ್ಲ. ಪಲ್ಲವಿಯ ಮೊದಲ ಸಾಲನ್ನೇ ಹೆಸರಾಗಿ ಕೊಡಿ. ಜನ ಬೇರೆ ಹೆಸರಿನಿಂದ ಕರೆಯುವುದಿದ್ದರೆ ಅದಕ್ಕೂ ಓಪನ್ ಎಲ್‌ಪಿಯಲ್ಲಿ ಪ್ರತ್ಯೇಕ ಜಾಗ ಇದೆ. ದೇವರ ಹೆಸರನ್ನು ಟಾಪಿಕ್ ಆಗಿ ಹಾಕಿ, ಸಾಕು. ಪಲ್ಲವಿಯನ್ನು ಕೋರಸ್ ಅಂತ, ಚರಣಗಳನ್ನು ವರ್ಸ್ ಅಂತ ಗುರುತಿಸಿ. ಹಾಗೆ ಮಾಡಿದರೆ ಹಾಡು ನಡೆಯುತ್ತಿರುವಾಗ ಕೀಬೋರ್ಡಿನ ಸಿ ಒತ್ತಿದರೆ ಸಾಕು, ಪಲ್ಲವಿಗೆ ಬರುತ್ತದೆ. ಭಜನೆಯಲ್ಲಿ ಪಲ್ಲವಿಗೆ ಎಷ್ಟು ಸಲ ಮರಳುತ್ತೇವೆ, ಯೋಚಿಸಿ! ಮಲಯಾಳ ಸಾಲಿಗೆ ಹಳದಿ ಬಣ್ಣದ ಟ್ಯಾಗ್ ಹಾಕಿದರೆ ಎರಡು ಲಿಪಿ ಕಲಸಿಕೊಳ್ಳುವುದಿಲ್ಲ.

ಚಿತ್ರಗಳನ್ನು ದೇವರ ಹೆಸರಿನ ಗುಂಪು ಮಾಡಿ ಇಡಿ. ವಿಡಿಯೋ ಬಗ್ಗೆ ನನ್ನ ಮಾತು ಖಡಕ್ಕು: ಅಕ್ಷರದ ಹಿಂದೆ ಅಲುಗಾಡುವ ದೀಪ, ಹರಿಯುವ ನೀರು ಯಾವುದೂ ಬೇಡ. ವಯಸ್ಸಾದವರಿಗೆ ಓದಲು ಕಷ್ಟ, ಕಣ್ಣು ಹಾಡು ಬಿಟ್ಟು ಅತ್ತ ಹೋಗುತ್ತದೆ. ಕಡು ನೀಲಿ ಹಿನ್ನೆಲೆ, ಬಿಳಿ ಅಕ್ಷರ, ಅಷ್ಟೇ ಇರಲಿ. ಬೇರೆ ಸಮಯಕ್ಕೆ ವಿಡಿಯೋ ಬೇಕೆಂದಾದರೆ ಪೆನ್‌ಡ್ರೈವ್‌ನಿಂದ ಸೇರಿಸಬೇಡಿ. ಫೈಲ್ ಇರುವ ಜಾಗವನ್ನಷ್ಟೇ ತಂತ್ರಾಂಶ ನೆನಪಿಡುತ್ತದೆ. ಪೆನ್‌ಡ್ರೈವ್ ತೆಗೆದರೆ ವಿಡಿಯೋ ಇಲ್ಲ. ಲ್ಯಾಪ್‌ಟಾಪಿಗೆ ಹಾಕಿಕೊಂಡು, ಮತ್ತೆ ಜಾಗ ಬದಲಿಸದೆ ಸೇರಿಸಿ. ಬೇರೆ ಲ್ಯಾಪ್‌ಟಾಪಿಗೆ ಒಯ್ಯುವಾಗ ಸರ್ವೀಸ್ ಫೈಲ್ (ಆ ದಿನದ ಕಾರ್ಯಕ್ರಮದ ಪಟ್ಟಿಯ ಫೈಲ್) ಆಗಿ ಉಳಿಸಿದರೆ ಚಿತ್ರ, ವಿಡಿಯೋ ಅದರೊಳಗೇ ಸೇರಿ ಹೋಗುತ್ತವೆ.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಫೈಲಿನಿಂದ ಒಂದು ಪಲ್ಲವಿ ಕಾಪಿ ಮಾಡಿ, ವಾಟ್ಸಾಪ್‌ನಲ್ಲಿ ನಿಮ್ಮ ಫೋನಿಗೇ ಕಳಿಸಿ. ಫೋನಿನಲ್ಲಿ ಕನ್ನಡವಾಗಿ ಓದಲು ಬಂದರೆ ಯುನಿಕೋಡ್, ಧೈರ್ಯವಾಗಿ ಮುಂದುವರಿಯಿರಿ. ಬರದಿದ್ದರೆ ಒಂದು ಹಾಡನ್ನೂ ಸೇರಿಸಬೇಡಿ, ಮೊದಲು ಪರಿವರ್ತಿಸಿ.