20 ಜನರ ಕಂಪನಿಗೆ ಮೌಲ್ಯಗಳನ್ನು ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಮೊದಲಿಗೆ, ಒಳ್ಳೊಳ್ಳೆ ಪದ ಹುಡುಕೋದರಿಂದ ಮಾತ್ರ ಶುರು ಮಾಡಬೇಡಿ. ಪ್ರಾಮಾಣಿಕತೆ, ಗೌರವ ಅಂತ ಬರೆದರೆ ಬೇಡ ಅನ್ನುವವರು ಯಾರೂ ಸಿಗುವುದಿಲ್ಲ, ಅದೇ ತೊಂದರೆ. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಮೌಲ್ಯಗಳ ಪಟ್ಟಿಯಲ್ಲೂ ಇವೆರಡೂ ಇದ್ದವು. ಲೆಕ್ಕದ ಮೋಸ ಹೊರಬಿದ್ದು 2001ರ ಡಿಸೆಂಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು.

ನನ್ನ ಪ್ರಕಾರ ಕೇಳಿಕೊಳ್ಳಬೇಕಾದ್ದು ಇಷ್ಟು: ಈ ಮೌಲ್ಯಕ್ಕೋಸ್ಕರ ನಾವು ಏನನ್ನು ಬಿಟ್ಟುಕೊಡುತ್ತೇವೆ? ದೊಡ್ಡ ಆರ್ಡರ್ ಕೈತಪ್ಪುತ್ತದೆ ಅಂತ ಗೊತ್ತಿದ್ದೂ ಗ್ರಾಹಕರಿಗೆ 'ಆ ತಾರೀಖಿಗೆ ಆಗುವುದಿಲ್ಲ' ಅಂತ ಹೇಳುತ್ತೀರಾ? ಹೌದಾದರೆ ಆ ವಾಕ್ಯವನ್ನೇ ಬರೆದಿಡಿ, 'ಪಾರದರ್ಶಕತೆ' ಅನ್ನೋದಕ್ಕಿಂತ ಅದು ಸಾವಿರ ಪಾಲು ಮೇಲು.

ಎರಡು ಒಳ್ಳೆಯ ವಿಷಯಗಳು ಎದುರುಬದುರಾದಾಗ ಯಾವುದು ಮೊದಲು ಅನ್ನೋದನ್ನೂ ಹೇಳಬೇಕು. ಜಾನ್ಸನ್ ಅಂಡ್ ಜಾನ್ಸನ್ 1943ರಲ್ಲಿ ಬರೆದುಕೊಂಡ 'ಕ್ರೆಡೋ'ದಲ್ಲಿ (ಅಂದರೆ ಕಂಪನಿ ನಂಬುವ ತತ್ವಗಳ ಬರಹದಲ್ಲಿ) ಬಳಸುವವರು ಮೊದಲು, ಶೇರುದಾರರು ಕೊನೆಗೆ. 1982ರಲ್ಲಿ ಯಾರೋ ಆ ಕಂಪನಿಯ ನೋವಿನ ಔಷಧಿ ಟೈಲೆನಾಲ್ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ಸೇರಿಸಿ ಶಿಕಾಗೋ ಸುತ್ತಮುತ್ತ 7 ಜನ ಸತ್ತರು. ಆಗ ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿತು. ನಷ್ಟ ಸಣ್ಣದಲ್ಲ. (ಟಾಲ್ಕಂ ಪೌಡರ್ ವಿಚಾರದಲ್ಲಿ ಅದೇ ಕಂಪನಿಯ ಮೇಲೆ ಆಮೇಲೆ ಸಾವಿರಾರು ಕೇಸು ಬಿದ್ದವು, ಅಂದರೆ ಒಮ್ಮೆ ಬರೆದಿಟ್ಟರೆ ಕೆಲಸ ಮುಗಿಯಿತು ಅಂತೇನಿಲ್ಲ.)

ಇನ್ನು ಕಲ್ಚರ್ ವಿಷಯ. ಅದು ನೀವು ಬರೆದದ್ದರಲ್ಲಿ ಇರುವುದಿಲ್ಲ, ಯಾರಿಗೆ ಪ್ರಮೋಷನ್ ಸಿಕ್ಕಿತು, ಯಾರನ್ನು ಸಹಿಸಿಕೊಂಡಿದ್ದೀರಿ ಅನ್ನೋದರಲ್ಲಿ ಇರುತ್ತದೆ. ಎಲ್ಲರ ಮೇಲೂ ರೇಗುವ ಜಾಣ ಒಬ್ಬನಿಗೆ ವರ್ಷವರ್ಷವೂ ಜಾಸ್ತಿ ಬೋನಸ್ ಕೊಡುತ್ತಿದ್ದರೆ, ಉಳಿದವರು ಕಲಿಯೋದು ಅದನ್ನೇ ಅಲ್ವಾ? ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಮೌಲ್ಯಗಳಲ್ಲೂ ಗ್ರಾಹಕರ ಹಿತದ ಮಾತಿತ್ತು, ಆದರೆ ಸಿಬ್ಬಂದಿಯ ತಲೆ ಮೇಲೆ ಕೂತಿದ್ದದ್ದು ಸೇಲ್ಸ್ ಟಾರ್ಗೆಟ್. ಜನ ಕೇಳದೇ ಇದ್ದ ಲಕ್ಷಗಟ್ಟಲೆ ಖಾತೆಗಳನ್ನು ಅವರ ಹೆಸರಲ್ಲಿ ತೆರೆದದ್ದು 2016ರಲ್ಲಿ ಬಯಲಾಯಿತು. ಹಾಗಾಗಿ ಮೌಲ್ಯ ಬರೆಯುವ ಮುಂಚೆ ನಿಮ್ಮ ಇನ್ಸೆಂಟಿವ್ ಪಟ್ಟಿ ತೆಗೆದು ಓದಿ.

20 ಜನ ಅಂದರೆ ಒಂದೇ ಕೋಣೆಯಲ್ಲಿ ಕೂತು ಮಾತಾಡಬಹುದು. ಹೋದ ವರ್ಷ ಇಲ್ಲಿ ಯಾವ ನಿರ್ಧಾರ ಸರಿ ಅನ್ನಿಸಿತು, ಯಾವುದು ನಾಚಿಕೆ ತರಿಸಿತು ಅಂತ ಕೇಳಿ. ಮೂರ್ನಾಲ್ಕು ವಾಕ್ಯ ಸಿಕ್ಕರೆ ಸಾಕು. ಸುಮ್ನೆ ಹತ್ತು ತುಂಬಿಸಬೇಡಿ. ಮತ್ತೆ ಮಾಲೀಕರು ದಯವಿಟ್ಟು ಕೊನೆಗೆ ಮಾತಾಡಲಿ, ಮೊದಲೇ ಬಾಯಿ ಬಿಟ್ಟರೆ ಎಲ್ಲರೂ ತಲೆಯಾಡಿಸಿ ಎದ್ದು ಹೋಗುತ್ತಾರೆ.