ಸೋಲ್ಡರ್ ಟಿಪ್‌ಗೆ ಹಿಡಿಯದೆ ಗುಂಡಾಗಿ ಉದುರುತ್ತಿದ್ದರೆ ಹೊಸ ಐರನ್ ಕೊಳ್ಳಬೇಕೇ?

ನಿಮ್ಮ 25 ವ್ಯಾಟ್ ಸೋಲ್ಡರಿಂಗ್ ಐರನ್ (ಎಲೆಕ್ಟ್ರಾನಿಕ್ ಬೋರ್ಡಿಗೆ ಬಿಡಿಭಾಗಗಳನ್ನು ಬೆಸೆಯುವ ಸಾಧನ) ಕಾಯುತ್ತದೆ, ಸೋಲ್ಡರ್ ಕರಗಿದರೂ ಟಿಪ್‌ಗೆ ಹಿಡಿಯದೆ ಗುಂಡಾಗಿ ಉದುರುತ್ತದೆ, ಬೋರ್ಡಿನ ಮೇಲೆ ಹೇಗೋ ಕೂರಿಸಿದ ಬೆಸುಗೆ ಅಲುಗಾಡಿಸಿದೊಡನೆ ಬಿಟ್ಟುಕೊಳ್ಳುತ್ತದೆ ಎಂದು ಬರೆದಿದ್ದೀರಿ. ಐರನ್ ಕೆಟ್ಟಿಲ್ಲ. ತವರ ಮತ್ತು ಸೀಸ ಬೆರೆತ 60/40 ಸೋಲ್ಡರ್ ಸುಮಾರು 190 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಪೂರ್ತಿ ಕರಗುತ್ತದೆ. ಅದು ಕರಗುತ್ತಿದೆ ಎಂದಮೇಲೆ ಕಾವು ಇದೆ. ಇಲ್ಲದಿರುವುದು ಸೋಲ್ಡರ್ ಹಿಡಿದುಕೊಳ್ಳಲು ಬೇಕಾದ ಶುದ್ಧ ಲೋಹದ ಮೈ.

ಉಷ್ಣತೆಯನ್ನು ನಿಯಂತ್ರಿಸುವ ವ್ಯವಸ್ಥೆ ಇಲ್ಲದ ಸಾಧಾರಣ ಐರನ್ನನ್ನು ಸುಮ್ಮನೆ ಸ್ಟ್ಯಾಂಡಿನಲ್ಲಿ ಉರಿಯಲು ಬಿಟ್ಟರೆ ಅದು ಅಗತ್ಯಕ್ಕಿಂತ ಬಹಳ ಹೆಚ್ಚು ಕಾದು, ಟಿಪ್ಪಿನ ಮೇಲೆ ಕಪ್ಪು ಆಕ್ಸೈಡ್ ಪದರ ಕಟ್ಟುತ್ತದೆ. ಬಿಸಿಯಾಗಿರುವಾಗಲೇ ಟಿಪ್ಪನ್ನು ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜಿಗೆ ಒರೆಸಿ, ಆ ಕ್ಷಣದಲ್ಲೇ ಫ್ಲಕ್ಸ್ (ಲೋಹದ ಮೇಲಿನ ಆಕ್ಸೈಡನ್ನು ತೆಗೆಯುವ ಪದಾರ್ಥ) ತುಂಬಿದ ಸೋಲ್ಡರ್ ತಂತಿಯನ್ನು ತಾಗಿಸಿ. ತುದಿ ಬೆಳ್ಳಿಯಂತೆ ಹೊಳೆಯುವವರೆಗೆ ಇದನ್ನು ಐದಾರು ಬಾರಿ ಮಾಡಬೇಕಾಗಬಹುದು. ಆಗಲೂ ಕಪ್ಪು ಬಿಡದಿದ್ದರೆ ರಾಳದ ಫ್ಲಕ್ಸಿನಲ್ಲಿ ಅದ್ದಿ, ಹಿತ್ತಾಳೆ ಎಳೆಗಳ ಉಂಡೆಯಲ್ಲಿ ತಿರುವಿ ನೋಡಿ.

ಉಪ್ಪುಕಾಗದವನ್ನಾಗಲಿ ಅರವನ್ನಾಗಲಿ ಮಾತ್ರ ಮುಟ್ಟಬೇಡಿ. ನಾನು ನನ್ನ ಮೊದಲ ಐರನ್ನಿನ ಟಿಪ್ಪನ್ನು ಉಜ್ಜಿ ಉಜ್ಜಿ ಫಳಫಳ ಮಾಡಿದ್ದೆ. ಅಂದು ಬೆಸುಗೆ ಸೊಗಸಾಗಿಯೇ ಬಂತು, ಆದರೆ ಕೆಲವೇ ವಾರಗಳಲ್ಲಿ ತುದಿಗೆ ಹುಳುಕು ಹಲ್ಲಿನಂತೆ ಗುಳಿ ಬಿತ್ತು. ಟಿಪ್ಪಿನ ಒಳಗಿರುವುದು ತಾಮ್ರ, ಅದನ್ನು ಕಾಪಾಡುವುದು ಮೇಲಿನ ತೆಳುವಾದ ಕಬ್ಬಿಣದ ಲೇಪನ. ಲೇಪನ ಸವೆದರೆ ಕರಗಿದ ತವರವು ತಾಮ್ರವನ್ನು ತಿನ್ನತೊಡಗುತ್ತದೆ. ಲೇಪನವೇ ಇಲ್ಲದ, ಹೊರಮೈಯೇ ತಾಮ್ರದ ಕೆಂಪು ಬಣ್ಣದ ಟಿಪ್ ನಿಮ್ಮದಾಗಿದ್ದರೆ ಈ ಮಾತು ಅನ್ವಯಿಸದು, ಅದನ್ನು ಆಗಾಗ ಅರದಿಂದ ಉಜ್ಜಲೇಬೇಕು.

ಬೆಸುಗೆ ಬಿಟ್ಟುಕೊಳ್ಳುವುದಕ್ಕೆ ಕಾರಣ ಬಹುಶಃ ನಿಮ್ಮ ಕೈಯ ಕ್ರಮ. ಸೋಲ್ಡರನ್ನು ಟಿಪ್ಪಿನ ಮೇಲೆ ಕರಗಿಸಿ ಬೋರ್ಡಿಗೆ ಒಯ್ಯುವವರೇ ಹೆಚ್ಚು; ಒಯ್ಯುವಷ್ಟರಲ್ಲಿ ತಂತಿಯೊಳಗಿನ ಫ್ಲಕ್ಸ್ ಹೊಗೆಯಾಗಿ ಹೋಗಿರುತ್ತದೆ. ಬದಲಾಗಿ ಟಿಪ್ಪನ್ನು ಬಿಡಿಭಾಗದ ಕಾಲಿಗೂ ಪ್ಯಾಡಿಗೂ (ಕಾಲನ್ನು ಬೆಸೆಯಲು ಬೋರ್ಡಿನ ಮೇಲಿರುವ ಲೋಹದ ಜಾಗ) ಒಟ್ಟಿಗೆ ತಾಗುವಂತೆ ಓರೆಯಾಗಿ ಇಟ್ಟು, ಎರಡು ಎಣಿಸಿ, ಎದುರು ಬದಿಯಿಂದ ತಂತಿಯನ್ನು ಕಾಲಿನ ಬುಡಕ್ಕೆ ಮುಟ್ಟಿಸಿ. ಕಾವು ಸಾಕಷ್ಟಿದ್ದರೆ ಸೋಲ್ಡರ್ ತಾನಾಗಿ ಹರಡಿ, ಪ್ಯಾಡನ್ನು ಮುಚ್ಚಿ, ಕಾಲಿನ ಸುತ್ತ ಮೇಲೇರಿ ನಿಲ್ಲುತ್ತದೆ. ಮೊದಲು ತಂತಿ, ಆಮೇಲೆ ಐರನ್ ತೆಗೆಯಿರಿ. ಗಟ್ಟಿಯಾಗುವವರೆಗೆ ಏನನ್ನೂ ಅಲುಗಿಸಬೇಡಿ, ಉಫ್ ಎಂದು ಊದುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ತಾವರೆ ಎಲೆಯ ಮೇಲಿನ ಹನಿಯಂತೆ ಸೋಲ್ಡರ್ ದುಂಡಗೆ ಕುಳಿತಿದ್ದರೆ ಅದು ಹಿಡಿದಿಲ್ಲ. ಹಳೆಯ ಬಿಡಿಭಾಗವಾದರೆ ಕಾಲುಗಳನ್ನು ಬ್ಲೇಡಿನಿಂದ ಹೆರೆದುಕೊಳ್ಳಿ. ನಲ್ಲಿ ಕೊಳವೆಗೆ ಬಳಸುವ ಆಮ್ಲದ ಫ್ಲಕ್ಸ್ ಬೋರ್ಡನ್ನೇ ತಿನ್ನುವುದರಿಂದ ಅದು ಬೇಡ.

ಸೀಸರಹಿತ ಸೋಲ್ಡರ್ ಕರಗಲು ಸುಮಾರು 217ರಿಂದ 227 ಡಿಗ್ರಿ ಬೇಕು. ಅದರ ಬೆಸುಗೆ ಸಹಜವಾಗಿಯೇ ಮಂಕಾಗಿರುವುದರಿಂದ ಹೊಳಪನ್ನು ನೋಡಿ ತೀರ್ಪು ಕೊಡಬೇಡಿ. ಕಲಿಯುವ ಹಂತದಲ್ಲಿ 60/40 ಸುಲಭ, ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡರಾಯಿತು.

ನಿಮ್ಮ ಐರನ್ ನಿಜಕ್ಕೂ ಸೋಲುವ ಸಂದರ್ಭ ಒಂದಿದೆ. ಬೋರ್ಡಿನ ಅಗಲವಾದ ಗ್ರೌಂಡ್ ಪದರಕ್ಕೆ (ಬೋರ್ಡಿನ ತುಂಬ ಹರಡಿರುವ ತಾಮ್ರದ ಹಾಳೆ) ಸೇರಿದ ಪ್ಯಾಡ್, ಇಲ್ಲವೇ ದಪ್ಪ ತಂತಿ, ಕೊಟ್ಟ ಕಾವನ್ನೆಲ್ಲ ಹೀರಿಕೊಳ್ಳುತ್ತದೆ. ಸೂಜಿಯಂಥ ಟಿಪ್ ತೆಗೆದು ಉಳಿಯಾಕಾರದ ಅಗಲ ಟಿಪ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ 60 ವ್ಯಾಟಿನದು ಬೇಕು. ಅದಕ್ಕೂ ಮೊದಲು ಪ್ಲಗ್ ತೆಗೆದು, ಐರನ್ ಪೂರ್ತಿ ಆರಿದ ಮೇಲೆ, ಟಿಪ್ಪನ್ನು ಹಿಡಿದಿರುವ ಸಣ್ಣ ಸ್ಕ್ರೂ ಸಡಿಲವಾಗಿದೆಯೇ ಎಂದು ಪರೀಕ್ಷಿಸಿ.

ಪ್ರತಿ ಸಲ ಐರನ್ ಆರಿಸುವ ಮುನ್ನ ತುದಿಗೆ ಒಂದಿಷ್ಟು ಸೋಲ್ಡರ್ ಧಾರಾಳವಾಗಿ ಬಳಿದು, ಒರೆಸದೆ ಹಾಗೆಯೇ ಬಿಡಿ.